ನೀಲಿ ಬೆನ್ನಿನ ಹರಕೆ ಕೋಳಿ

ನನ್ನ ಜೀವಕ್ಕೆ ಬದಲಾಗಿ ಒಂದು ಕೋಳಿಯನ್ನು ದೇವಿಗೆ ಕೊಡುವುದೆಂದು ಮಾತಾಗಿದೆ ಎಂಬ ಸಂಗತಿ ನನಗೆ ಗೊತ್ತಾದದ್ದು ಮಿರಜದ ಆಸ್ಪತ್ರೆಯಿಂದ ಮನೆಗೆ ಬಂದ ದಿನ. ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನನ್ನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ದ್ರಾಕ್ಷಿ ಕೊಯ್ಲಿನ ಗಡಿಬಿಡಿಯಲ್ಲಿ, ಮನೆಯಲ್ಲಿ ಯಾರಿಗೂ ಉಸಿರಾಡಲು ಪುರಸೊತ್ತಿಲ್ಲದ ಹೊತ್ತಿನಲ್ಲಿ, ಹೊಸ ಸೊಸೆಯಾದ ನಾನು ವಿಷಮಜ್ವರ ತಂದುಕೊಂಡು ಮಲಗಿಬಿಟ್ಟಿದ್ದೆ. ಹದಿನೆಂಟು ದಿನ ಆಸ್ಪತ್ರೆ. ತಿರುಗಿ ಬಂದಾಗ ತಲೆಗೂದಲು ಬಾಚಣಿಗೆಗೆ ಗೊಂಚಲು ಗೊಂಚಲಾಗಿ ಬರುತ್ತಿತ್ತು. ಬಾವಿಕಟ್ಟೆಯವರೆಗೆ ನಡೆದರೂ ಕಾಲು ನಡುಗುತ್ತಿದ್ದವು.

ಗಾಡಿಯಿಂದ ನನ್ನನ್ನು ಇಳಿಸಿಕೊಂಡ ಅತ್ತೆ, ರೊಟ್ಟಿಯ ತುಂಡು ನಿವಾಳಿಸಿ ಎಸೆದು, ಪಡಸಾಲೆಯಲ್ಲಿ ಹಾಸಿದ್ದ ಕೌದಿಯ ಮೇಲೆ ಕೂರಿಸಿದರು. ಆಮೇಲೆ ಅಂಗಳದ ಕಡೆ ಕೈ ಮಾಡಿದರು. ಅಲ್ಲಿ ಹತ್ತು ಹನ್ನೆರಡು ಕೋಳಿಗಳ ನಡುವೆ ಒಂದು ಕೆಂಪು ಹೇಂಟೆ ಕೆದರುತ್ತಿತ್ತು. ಅದರ ಕಾಲಿಗೆ ಅರಿಶಿನದ ದಾರ ಕಟ್ಟಿತ್ತು, ನೆತ್ತಿಯ ಮೇಲೆ ಕುಂಕುಮ ಹಚ್ಚಿತ್ತು.

"ಅದನ್ನ ನೋಡು. ನೀ ನಡಕೊಂತ ಮನಿಗೆ ಬಂದ್ರ ಅದನ್ನ ಕೊಡ್ತೀನಿ ಅಂತ ಬೇವಿನ ಗಿಡದ ದೇವಿಗೆ ಬೇಡಿಕೊಂಡಿದ್ದೆ. ನಡಕೊಂತ ಬಂದಿ," ಎಂದರು ಅತ್ತೆ.

ನಾನು ನಡೆದದ್ದು ಗಾಡಿಯಿಂದ ಪಡಸಾಲೆಗೆ ನಾಲ್ಕು ಹೆಜ್ಜೆ, ಅದೂ ಅವರ ಹೆಗಲು ಹಿಡಿದುಕೊಂಡು. ದೇವಿಗೆ ಅಷ್ಟು ಸಾಕಾಗಿತ್ತೆಂದು ಕಾಣುತ್ತದೆ.

ನಮ್ಮ ಮನೆ ಇದ್ದದ್ದು ಅಥಣಿ ತಾಲೂಕಿನ ಅನಂತಪುರದ ಹೊರಗೆ, ದ್ರಾಕ್ಷಿ ತೋಟದಲ್ಲಿ. ತೋಟದ ಮೂಲೆಯಲ್ಲಿ ಬೇವಿನ ಗಿಡ, ಅದರ ಬುಡದಲ್ಲಿ ಸಿಂದೂರ ಬಳಿದ ಕಲ್ಲು. ಅದೇ ಬೇವಿನ ಗಿಡದ ದೇವಿ. ನನ್ನ ತವರು ನಿಪ್ಪಾಣಿ ಹತ್ತಿರದ ಹಳ್ಳಿ, ಅಲ್ಲಿ ಎತ್ತ ನೋಡಿದರೂ ತಂಬಾಕು. ಅಲ್ಲಿ ನಾವು ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡಿಕೊಂಡು ಬೆಳೆದವರು. ಇಲ್ಲಿ ಬಂದ ಹೊಸತರಲ್ಲಿ ನಾನು ಬಾಯಿ ಬಿಟ್ಟರೆ ಅತ್ತೆ "ಏನಂದಿ?" ಎಂದು ಎರಡನೇ ಸಲ ಕೇಳುತ್ತಿದ್ದರು. ಅವರಿಗೆ ಅರ್ಥವಾಗುತ್ತಿರಲಿಲ್ಲವೆಂದಲ್ಲ, ಕೇಳುವುದರಲ್ಲಿ ಅವರಿಗೊಂದು ಸುಖವಿತ್ತು.

ಅತ್ತೆ ಗಟ್ಟಿ ಹೆಂಗಸು. ತೋಟವೆಲ್ಲ ಮಾವನದು, ಅಂಗಳವೆಲ್ಲ ಅತ್ತೆಯದು. ಕೋಳಿ, ಎಮ್ಮೆ, ಕುಳ್ಳು, ಒಲೆ, ಇಷ್ಟರ ವಿಷಯದಲ್ಲಿ ಅವರ ಮಾತೇ ಕೊನೆ. ಅವರಿಗೆ ಸಿಟ್ಟು ಬಂದರೆ ಆಚೆ ತೋಟದವರಿಗೂ ಗೊತ್ತಾಗುತ್ತಿತ್ತು. ನಾನೂ ಏನು ಕಡಿಮೆ ಬಾಯಿಯವಳಲ್ಲ. ಆದರೆ ಆ ವರ್ಷ ಜ್ವರ ನನ್ನ ದನಿಯನ್ನೂ ಅರ್ಧ ತಿಂದುಹಾಕಿತ್ತು, ಅದಕ್ಕೇ ನಾವಿಬ್ಬರೂ ಚೆನ್ನಾಗಿ ಹೊಂದಿಕೊಂಡೆವು ಎಂದು ನನ್ನ ಗಂಡ ಈಗಲೂ ಚೇಷ್ಟೆ ಮಾಡುತ್ತಾರೆ.

ಹರಕೆ ತೀರಿಸಲು ಒಂದು ಕಟ್ಟಳೆ ಇತ್ತು. ಯಾರಿಗಾಗಿ ಬೇಡಿಕೊಂಡಿದ್ದಾರೋ ಅವರೇ ಕೋಳಿಯನ್ನು ಬಗಲಲ್ಲಿ ಇಟ್ಟುಕೊಂಡು ಗಿಡದವರೆಗೆ ನಡೆದು ಹೋಗಿ ಕೊಡಬೇಕು. ಮನೆಯಿಂದ ಗಿಡಕ್ಕೆ ಎರಡು ಹೊಲದ ದೂರ. ನನಗೆ ಅಷ್ಟು ತ್ರಾಣ ಬರುವವರೆಗೆ ಕಾಯುವುದೆಂದಾಯಿತು. ಅಲ್ಲಿಯವರೆಗೆ ಇದು ದೇವಿಯ ಕೋಳಿ ಎಂದು ಎಲ್ಲರಿಗೂ ತಿಳಿಯಲೆಂದು ಅತ್ತೆ ಮಂಗಳವಾರ, ಶುಕ್ರವಾರ ತಪ್ಪದೆ ಅದನ್ನು ಹಿಡಿದು ನೆತ್ತಿಗೆ ಹೊಸದಾಗಿ ಕುಂಕುಮ ಹಚ್ಚಿ ಬಿಡುತ್ತಿದ್ದರು.

ಬೇನೆ ಹತ್ತಿದ್ದೇ ಅಲ್ಲಿಂದ. ಕೋಳಿಗಳಿಗೆ ಕೆಂಪು ಕಂಡರೆ ಕುಟುಕುವ ಚಟ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಿನವಿಡೀ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತವಳಿಗೆ ಕೋಳಿ ನೋಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ, ನೋಡಿ ನೋಡಿ ಕಲಿತೆ. ಆ ಗುಂಪಿನಲ್ಲಿ ಬಿಳಿ ಚುಕ್ಕೆಯ ಒಂದು ಮುದಿ ಹೇಂಟೆ ಇತ್ತು. ಕಾಳು ಚೆಲ್ಲಿದರೆ ಮೊದಲು ಅದು ತಿನ್ನಬೇಕು, ಹುಂಜ ಕೂಡ ಅದಕ್ಕೆ ದಾರಿ ಬಿಡುತ್ತಿತ್ತು. ಕುಂಕುಮ ಹಚ್ಚಿದ ದಿನ ಮೊದಲು ಬಂದು ಕುಟುಕುತ್ತಿದ್ದದ್ದು ಆ ಚುಕ್ಕೆಯದೇ. ಅದು ಕುಟುಕಿತೆಂದು ಉಳಿದವೂ ಕುಟುಕುತ್ತಿದ್ದವು. ನೆತ್ತಿಯಲ್ಲಿ ಗಾಯವಾಯಿತು, ಗಾಯದಿಂದ ರಕ್ತ ಬಂತು, ರಕ್ತವೂ ಕೆಂಪೇ ಆದ್ದರಿಂದ ಮತ್ತೆ ಕುಟುಕಿದವು. ಕೆಂಪು ಹೇಂಟೆ ತಲೆ ತಗ್ಗಿಸಿ ಓಡಿದರೆ ಬೆನ್ನಿಗೆ ಬಿದ್ದವು. ಹದಿನೈದು ದಿನಗಳಲ್ಲಿ ಅದರ ಬೆನ್ನ ಮೇಲಿನ ಪುಕ್ಕವೆಲ್ಲ ಹೋಗಿ ಬರಿ ತೊಗಲು ಕಾಣತೊಡಗಿತು.

ನಾನು ಸುಮ್ಮನಿರಲಾರದೆ ಹೇಳಿದೆ: "ಅತ್ತಿ, ನೀವು ಕುಂಕುಮ ಹಚ್ಚಿದ್ದಕ್ಕ ಅವು ಅದನ್ನ ಕುಟಕಾಕತ್ತಾವ್ರಿ."

"ದೇವಿ ಕೋಳಿಗೆ ಕುಂಕುಮ ಹಚ್ಚಬ್ಯಾಡ ಅಂತೀಯೇನ?"

"ಹಚ್ಚಬ್ಯಾಡ ಅನ್ನೂದಿಲ್ರಿ. ಕಾಲಿಗೆ ಹಚ್ಚ್ರಿ."

"ಕಾಲಿಗೆ ಕುಂಕುಮ ಯಾರ್ ಹಚ್ತಾರ? ನಿಮ್ಮ ನಿಪ್ಪಾಣಿ ಕಡೆ ಹಚ್ತಾರೇನ?"

ಮಾತು ಅಲ್ಲಿಗೇ ನಿಂತಿತು. ಯುಗಾದಿ ಹತ್ತಿರ ಬಂದಾಗ ಕೋಳಿ ಕಾಳಿನ ಹತ್ತಿರ ಬರುವುದನ್ನೇ ಬಿಟ್ಟಿತು. ದನದ ಗೋದಲಿಯ ಕೆಳಗೆ ಮೈಯೆಲ್ಲ ಉಬ್ಬಿಸಿಕೊಂಡು, ರೆಕ್ಕೆ ಜೋಲು ಬಿಟ್ಟು, ಕಣ್ಣು ಮುಚ್ಚಿ ನಿಂತೇ ಇರುತ್ತಿತ್ತು. ಜುಟ್ಟು ಬೆಳ್ಳಗಾಗಿತ್ತು. ಅತ್ತೆ ಅದನ್ನು ಎತ್ತಿ ಬೆನ್ನು ತಿರುಗಿಸಿ ನೋಡಿ, ಬಾಯಿಗೆ ಸೆರಗು ಹಿಡಿದರು. ಅವರ ಕಾಳಜಿ ಬೇರೆಯೇ ಇತ್ತು. ಹರಕೆಯ ಪ್ರಾಣಿ ಊನವಿಲ್ಲದ್ದಿರಬೇಕು. ಕಣ್ಣು, ಜುಟ್ಟು, ಉಗುರು, ಪುಕ್ಕ, ಯಾವುದೂ ಕೊರೆಯಾಗಿರಬಾರದು. ಬೇರೆ ಕೋಳಿ ಕೊಡೋಣವೆಂದರೆ ಅದೂ ಆಗದು. ದಾರ ಕಟ್ಟಿದ್ದನ್ನೇ ಕೊಡಬೇಕು. ಬೇಡಿಕೊಂಡದ್ದನ್ನು ಕೊಡದಿದ್ದರೆ ಯಾರಿಗಾಗಿ ಬೇಡಿಕೊಂಡಿದ್ದೇವೋ ಅವರ ಮೇಲೆಯೇ ದೇವಿ ತಿರುಗಿ ಬೀಳುತ್ತಾಳೆಂದು ಅವರು ಪೂರ್ತಿ ನಂಬಿದ್ದರು. ಅಂದರೆ ನನ್ನ ಮೇಲೆ.

"ನೀ ಹೆಂಗೂ ಕುಂತ ಇರ್ತಿ. ಇದನ್ನ ಆರಾಮ ಮಾಡು," ಎಂದು ಕೋಳಿಯನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದರು.

ಹೀಗೆ ನನಗೊಂದು ಕೆಲಸ ಸಿಕ್ಕಿತು. ಒಂದು ಬಿದಿರು ಬುಟ್ಟಿ ತಂದು ಪಡಸಾಲೆಯ ಮೂಲೆಯಲ್ಲಿ ಬೋರಲು ಹಾಕಿ ಅದರ ಕೆಳಗೆ ಕೋಳಿಯನ್ನಿಟ್ಟೆ. ನನಗೆ ಮೂರು ಹೊತ್ತೂ ಜೋಳದ ನುಚ್ಚಿನ ಗಂಜಿ, ಮಜ್ಜಿಗೆ. ಕೋಳಿಗೂ ಅದೇ. ಮೊದಲ ಎರಡು ದಿನ ಅದು ಬಾಯಿ ತೆರೆಯಲಿಲ್ಲ, ಕೊಕ್ಕು ಬಿಡಿಸಿ ಬೆರಳ ತುದಿಯಿಂದ ಗಂಜಿ ಹಾಕಿದೆ. ಆಸ್ಪತ್ರೆಯಲ್ಲಿ ನನ್ನ ತಾಯಿ ನನಗೆ ಹಾಕುತ್ತಿದ್ದದ್ದೂ ಹೀಗೆಯೇ, ನಾನೂ ಹಲ್ಲು ಬಿಗಿಹಿಡಿಯುತ್ತಿದ್ದೆ. ಆಗ ಅವ್ವ ಯಾಕೆ ಅಷ್ಟು ಬೈಯುತ್ತಿದ್ದಳೆಂದು ಕೋಳಿಯನ್ನು ಬೈಯುವಾಗ ತಿಳಿಯಿತು.

ಮೂರನೆಯ ದಿನ ಅದರ ಗರಿಯ ಬುಡದಲ್ಲಿ ಹೇನು ಕಂಡೆ. ನನ್ನ ತವರಿನಲ್ಲಿ ಎಮ್ಮೆಯ ಕರುವಿಗೆ ಹೇನಾದರೆ ತಂಬಾಕು ನೆನೆಸಿದ ನೀರು ಹಚ್ಚುತ್ತಾರೆ. ನನ್ನ ವಿದ್ಯೆ ತೋರಿಸುವ ಸಮಯ ಬಂತೆಂದು ತವರಿನಿಂದ ತಂದಿಟ್ಟಿದ್ದ ಕಡ್ಡಿ ತಂಬಾಕು ನೆನೆಹಾಕಿ, ಆ ಕಂದು ನೀರನ್ನು ಕೋಳಿಯ ಮೈಗೆಲ್ಲ ಸವರಿದೆ. ಕರುವಿನ ಮೈ ಎಷ್ಟು, ಕೋಳಿಯ ಮೈ ಎಷ್ಟು ಎಂಬ ಯೋಚನೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕೋಳಿಯ ಕೊರಳು ಒಂದು ಕಡೆ, ಕಾಲು ಒಂದು ಕಡೆ ವಾಲಿ, ಸಂತೆಯಿಂದ ಕುಡಿದು ಬಂದವರ ಹಾಗೆ ಎರಡು ಹೆಜ್ಜೆ ಇಟ್ಟು ಬಿದ್ದುಬಿಟ್ಟಿತು. ನಾನು ಕಿರುಚಿದೆ.

ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಮೂಸಿ ನೋಡಿದರು. "ನಿಮ್ಮ ತವರಿನ ತಂಬಾಕಕ್ಕ ಮಂದಿನ ತಡಕೊಳ್ಳೂದಿಲ್ಲ, ಕೋಳಿ ತಡಕೊಂತೈತೇನ?" ಎಂದು ಬೈಯುತ್ತಲೇ ಅದನ್ನು ಬಚ್ಚಲಿಗೆ ಒಯ್ದು ಮೂರು ಸಲ ನೀರು ಬದಲಿಸಿ ತೊಳೆದರು. ತಮ್ಮ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಸಂಜೆಯವರೆಗೆ ಹನಿ ಹನಿ ಮಜ್ಜಿಗೆ ಹಾಕಿದರು. ಅಂದು ಮನೆಯವರಿಗೆಲ್ಲ ರೊಟ್ಟಿ ತಡವಾಯಿತು. ಕೋಳಿ ಕಣ್ಣು ತೆರೆದಾಗ ಅತ್ತೆ ಅದರ ಕೊಕ್ಕಿಗೆ ಬೆರಳಿನಿಂದ ಒಂದು ಮೊಟಕಿದರು, ಮುದ್ದಿಗೋ ಸಿಟ್ಟಿಗೋ ತಿಳಿಯಲಿಲ್ಲ.

ಅಷ್ಟರಲ್ಲಿ ತೋಟದಲ್ಲಿ ಏಪ್ರಿಲ್ ಛಾಟಣಿ ಚಾಲೂ ಆಗಿತ್ತು. ಕೊಯ್ಲು ಮುಗಿದ ಮೇಲೆ ದ್ರಾಕ್ಷಿ ಬಳ್ಳಿಯನ್ನೆಲ್ಲ ಕತ್ತರಿಸಿ ಬೋಳು ಮಾಡುತ್ತಾರೆ, ಅದಕ್ಕೆ ಛಾಟಣಿ ಎನ್ನುತ್ತಾರೆ. ಕತ್ತರಿ ಬಿದ್ದ ಗಾಯಕ್ಕೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀಲಿ ಲೇಪ ಹಚ್ಚುತ್ತಾರೆ, ಹಚ್ಚದಿದ್ದರೆ ಬಳ್ಳಿ ಕೊಳೆಯುತ್ತದೆ. ಮೈಲುತುತ್ತಕ್ಕೆ ನಮ್ಮ ಕಡೆ ಮೋರಚೂದ ಎಂದೇ ಹೆಸರು. ಮಾವ ಬೆಳಗಿನಿಂದ ಡಬ್ಬಿ, ಬ್ರಶ್ಶು ಹಿಡಿದು ಬಳ್ಳಿಯಿಂದ ಬಳ್ಳಿಗೆ ತಿರುಗುವವರು. ಊಟಕ್ಕೆ ಬಂದ ಒಂದು ಮಧ್ಯಾಹ್ನ ಬುಟ್ಟಿಯ ಮುಂದೆ ನಿಂತು ಕೋಳಿಯ ಬೆನ್ನನ್ನು ಬಹಳ ಹೊತ್ತು ನೋಡಿದರು. ಅವರು ದಿನಕ್ಕೆ ಹತ್ತು ಮಾತಾಡುವ ಮನುಷ್ಯರಲ್ಲ. ಬುಟ್ಟಿ ಎತ್ತಿದರು, ಕೋಳಿಯನ್ನು ಮೊಣಕಾಲ ನಡುವೆ ಹಿಡಿದರು, ಡಬ್ಬಿಗೆ ಒಂದಿಷ್ಟು ನೀರು ಬೆರೆಸಿ ತೆಳ್ಳಗೆ ಮಾಡಿ, ನೆತ್ತಿಯಿಂದ ಬಾಲದವರೆಗೆ ಬ್ರಶ್ಶು ಎಳೆದರು. ಉರಿ ತಾಳಲಾರದೆ ಕೋಳಿ ತೋಟಕ್ಕೆಲ್ಲ ಕೇಳುವಂತೆ ಕೂಗಿತು.

ಅತ್ತೆ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. "ಇದನ್ನೇನ್ ಮಾಡಿದ್ರಿ?"

"ಗಾಯ ಅಂದ್ರ ಗಾಯ. ಬಳ್ಳಿದಾದ್ರೇನ, ಕೋಳಿದಾದ್ರೇನ," ಎಂದು ಮಾವ ಕೈ ತೊಳೆಯಲು ಹೋದರು.

"ಕೆಂಪ ಕೋಳಿ ಕೊಡ್ತೀನಿ ಅಂದೀನಿ ದೇವಿಗೆ. ನೀಲಿ ಕೋಳಿ ಒಯ್ದ್ರ, ಇದೇನ ಕೋಳಿನೋ ನವಿಲೋ ಅಂತ ಕೇಳ್ತಾಳ ಆಕಿ."

"ಬಣ್ಣ ಹೋದ ಮ್ಯಾಲ ಕೊಡು," ಎಂದರು ಮಾವ, ಅಂದಿನ ಕೊನೆಯ ಮಾತಾಗಿ.

ಬಳ್ಳಿಯ ಔಷಧ ಕೋಳಿಗೆ ಹಚ್ಚಿದ ಸುದ್ದಿ ಕೇಳಿ ತೋಟದ ಆಳುಗಳು ನಾಲ್ಕು ದಿನ ನಕ್ಕರು. ಆದರೆ ನಾನು ಪಡಸಾಲೆಯಿಂದ ನೋಡುತ್ತಿದ್ದೆನಲ್ಲ, ನನಗೆ ಗೊತ್ತು. ಬುಟ್ಟಿ ಎತ್ತಿ ಅಂಗಳಕ್ಕೆ ಬಿಟ್ಟಾಗ ಚುಕ್ಕೆ ಹೇಂಟೆ ಕುಟುಕಲೆಂದು ಕೊರಳು ಚಾಚಿ ಬಂದು, ನೀಲಿ ಬೆನ್ನು ಕಂಡು ಗಕ್ಕನೆ ನಿಂತಿತು. ಎಡಗಣ್ಣಿನಿಂದ ನೋಡಿತು, ಬಲಗಣ್ಣಿನಿಂದ ನೋಡಿತು, ತಿರುಗಿ ಹೋಯಿತು. ಬೆನ್ನಲ್ಲಿ ಕೆಂಪು ಇರಲಿಲ್ಲ, ಅದಕ್ಕೆ ಕುಟುಕುವ ನೆನಪೂ ಬರಲಿಲ್ಲ. ಮಾವ ಇದನ್ನೆಲ್ಲ ಯೋಚಿಸಿ ಮಾಡಿದ್ದಲ್ಲ. ಆದರೂ ಅಂದಿನಿಂದ ಅವರನ್ನು ಕಂಡರೆ ನನಗೆ ಹೆಚ್ಚಿನ ಗೌರವ. ನೆತ್ತಿಯ ಮೇಲೆ ನೀಲಿ ಇದ್ದದ್ದರಿಂದ ಅತ್ತೆಗೂ ಕುಂಕುಮ ಹಚ್ಚಲು ಮನಸ್ಸು ಬರಲಿಲ್ಲ.

ಚುಕ್ಕೆಯ ಸೊಕ್ಕು ಇಳಿಸಿದವಳು ಮಾತ್ರ ನಾನು. ನಾಲ್ಕು ದಿನ ಅದನ್ನೇ ಬುಟ್ಟಿಯ ಕೆಳಗೆ ಹಾಕಿಟ್ಟೆ. ಅಷ್ಟು ದಿನ ಕೆಂಪು ಹೇಂಟೆ ಅಂಗಳದಲ್ಲಿ ಎಲ್ಲರ ಜೊತೆ ಕಾಳು ತಿಂದುಕೊಂಡಿತ್ತು. ಐದನೆಯ ದಿನ ಬುಟ್ಟಿ ಎತ್ತಿದಾಗ ಚುಕ್ಕೆ ಮೊದಲಿನಂತೆ ಎದೆ ಉಬ್ಬಿಸಿ ಕಾಳಿನ ಕಡೆ ನಡೆಯಿತು. ಆದರೆ ಯಾರೂ ದಾರಿ ಬಿಡಲಿಲ್ಲ. ಅದು ಅಲ್ಲೇ ನಿಂತು, ನೆಲ ಕೆದರಿದಂತೆ ಮಾಡಿ, ಹಿಂದಕ್ಕೆ ಸರಿಯಿತು. ಎಮ್ಮೆಗೆ ಮೇವು ಹಾಕುತ್ತಿದ್ದ ಅತ್ತೆ ಇದನ್ನು ನೋಡಿ ಬಾಯಿತುಂಬ ನಕ್ಕರು. "ನಿನ್ನ ಜೋಡಿ ಹುಷಾರಲೇ ಇರಬೇಕ ಬೇ ನಾನೂ," ಎಂದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಗಾಯ ಒಣಗಿತು. ಬೆನ್ನ ಮೇಲೆ ಮುಳ್ಳಿನಂತೆ ಹೊಸ ಪುಕ್ಕದ ಮೊಳಕೆ ಎದ್ದವು. ನಾನೂ ಬಾವಿಕಟ್ಟೆಗೆ ಹೋಗಿ ಒಂದು ಕೊಡ ನೀರು ತರುವಷ್ಟಾದೆ. ನಾನು ಎಲ್ಲಿ ಹೋದರೂ ಕೋಳಿ ಹಿಂದೆ ಬರುತ್ತಿತ್ತು. ಅಕ್ಕಿ ಆರಿಸಲು ಕುಳಿತರೆ ನನ್ನ ಕಾಲಿನ ಮೇಲೆಯೇ ಏರಿ ಕೂರುತ್ತಿತ್ತು, ಅದರ ಹೊಟ್ಟೆಯ ಬಿಸಿ ಪಾದಕ್ಕೆ ಹಿತವಾಗಿ ತಾಗುತ್ತಿತ್ತು. ಆ ದಿನಗಳಲ್ಲಿ ನಾನು ತುಂಬ ಸುಖವಾಗಿದ್ದೆ. ಹೊಸ ಮನೆಯೆಂಬ ಅಳುಕು ಹೋಗಿತ್ತು, ಬೆಳಿಗ್ಗೆ ಎದ್ದರೆ ನನಗಾಗಿ ಕಾಯುವ ಜೀವ ಒಂದಿದೆ ಎಂಬ ಹಿಗ್ಗಿತ್ತು.

ಒಂದು ಮಂಗಳವಾರ ಅತ್ತೆ ಕೋಳಿಯನ್ನು ಎತ್ತಿ, ಬೆನ್ನ ಮೇಲೆ ಬೆರಳಾಡಿಸಿ, "ಪುಕ್ಕಾ ಬರಾಕತ್ತಾವ. ನೀಲಿ ಸ್ವಲ್ಪ ಮಾಸಿದ್ರ ಆತು," ಎಂದರು.

ಆವರೆಗೆ ನಾನು ಕೋಳಿಯನ್ನು ಆರಾಮ ಮಾಡುವುದರಲ್ಲೇ ಮುಳುಗಿದ್ದೆ, ಯಾತಕ್ಕೆ ಆರಾಮ ಮಾಡುತ್ತಿದ್ದೇನೆ ಎಂಬುದನ್ನು ಮರೆತೇಬಿಟ್ಟಿದ್ದೆ. ಅದಕ್ಕೆ ಒಂದೊಂದು ಪುಕ್ಕ ಬಂದಂತೆ ಕತ್ತಿಗೆ ಒಂದೊಂದು ದಿನ ಹತ್ತಿರವಾಗುತ್ತಿತ್ತು, ಹಾಗೆ ಹತ್ತಿರ ತಂದವಳು ನಾನೇ. ಕೊನೆಗೆ ಬಗಲಲ್ಲಿಟ್ಟುಕೊಂಡು ಗಿಡದವರೆಗೆ ಒಯ್ಯಬೇಕಾದವಳೂ ನಾನೇ. ಅದು ನನ್ನ ಹಿಂದೆ ತಾನಾಗಿಯೇ ಬರುವ ಕೋಳಿ, ಬಗಲಲ್ಲಿ ಇಟ್ಟುಕೊಳ್ಳುವ ಕಷ್ಟವೂ ಇರಲಿಲ್ಲ.

ಬೇಡವೆಂದು ಅತ್ತೆಯನ್ನು ಕೇಳಬಹುದಿತ್ತು. ಯಾವ ಬಾಯಿಂದ ಕೇಳಲಿ? ನಾನು ಸಾಯಬಾರದೆಂದು ಬೇಡಿಕೊಂಡವರು ಅವರು. ಗಂಡನ ಮುಂದೆ ಹೇಳಿದೆ. ಅವರು ತಲೆ ಕೆರೆದುಕೊಂಡು, "ಅವ್ವ ಹೆದರ್ಯಾಳ. ನಿನಗೇನರ ಆದೀತು ಅಂತ ಹೆದರ್ಯಾಳ. ಆಕಿಗೆ ಯಾರ್ ಹೇಳಬೇಕು?" ಎಂದರು. ಬಳ್ಳಿಗೆ ಫಲ ಹಿಡಿಯಲೆಂದು ಅಕ್ಟೋಬರಿನಲ್ಲಿ ಇನ್ನೊಂದು ಛಾಟಣಿ ಇರುತ್ತದೆ, ಅಷ್ಟರೊಳಗೆ ಹರಕೆ ತೀರಲೇಬೇಕಿತ್ತು. ಹರಕೆ ಉಳಿಸಿಕೊಂಡು ಬಳ್ಳಿಗೆ ಕತ್ತರಿ ಹಾಕುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಉಳಿದದ್ದು ಕಳ್ಳತನ. ಬಳ್ಳಿಯ ಔಷಧ ಇಡುವ ಖೋಲಿಯಲ್ಲಿ ಮೋರಚೂದ, ಸುಣ್ಣ ಎರಡೂ ಇದ್ದವು. ಅತ್ತೆ ಎಮ್ಮೆ ಹೊಡೆದುಕೊಂಡು ಹಳ್ಳಕ್ಕೆ ಹೋದ ಹೊತ್ತು ನೋಡಿ ತೆಂಗಿನ ಚಿಪ್ಪಿನಲ್ಲಿ ತೆಳ್ಳಗೆ ಕಲಸಿದೆ. ಕೋಳಿಯನ್ನು ಮಡಿಲಲ್ಲಿ ಹಿಡಿದು, ಹೊಸ ಪುಕ್ಕಗಳ ಮೇಲೆ ಬಟ್ಟೆಯ ತುಂಡಿನಿಂದ ಒರೆಸಿದೆ. ಗಾಯವಿರಲಿಲ್ಲವಾದ್ದರಿಂದ ಅದು ಕೂಗಲೂ ಇಲ್ಲ. ಎಂಟು ಹತ್ತು ದಿನಕ್ಕೊಮ್ಮೆ ಇದೇ ಕೆಲಸ. ಮಂಗಳವಾರ ಅತ್ತೆ ಕೋಳಿಯನ್ನು ಎತ್ತಿ ನೋಡಿ, "ಇನ್ನೂ ಹೋಗಿಲ್ಲಲ್ಲ. ಏನ್ ಬಣ್ಣಾ ಹಚ್ಯಾರೋ ಪುಣ್ಯಾತ್ಮರು," ಎಂದು ಕೆಳಗೆ ಬಿಡುವರು. ನಾನು ಮುಖ ತಿರುಗಿಸಿಕೊಂಡು ಒಲೆ ಊದುತ್ತಿದ್ದೆ. ಅವರ ಕಣ್ಣಿಗೆ ಮಣ್ಣೆರಚುತ್ತಿದ್ದೇನೆಂದು ನನಗೆ ನಾಚಿಕೆಯಾಗಬೇಕಿತ್ತು. ನಾಚಿಕೆಗಿಂತ ಜಂಭವೇ ಹೆಚ್ಚಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಶ್ರಾವಣದಲ್ಲಿ ಪಂಚಮಿಗೆ ಅಣ್ಣ ಕರೆಯಲು ಬಂದ. ಹೋಗದಿರುವಂತಿಲ್ಲ, ಮದುವೆಯಾದ ಮೊದಲ ಪಂಚಮಿ. ಹೊರಡುವ ದಿನ ಬೆಳಿಗ್ಗೆ ಸಾಕಷ್ಟು ದಪ್ಪವಾಗಿಯೇ ಬಳಿದು ಹೋದೆ. ತವರಿನಲ್ಲಿ ಜೋಕಾಲಿ ಕಟ್ಟಿದ್ದರು, ಉಂಡೆ ಮಾಡಿದ್ದರು, ಗೆಳತಿಯರೆಲ್ಲ ಕೂಡಿದ್ದರು. ಎಂಟು ದಿನಕ್ಕೆಂದು ಹೋದವಳನ್ನು ಅವ್ವ ಇಪ್ಪತ್ತು ದಿನ ಉಳಿಸಿಕೊಂಡಳು. ಹೊರಗೆ ಎಡೆಬಿಡದ ಮಳೆ. ಆ ಮಳೆಯಲ್ಲಿ ಯಾವ ನೀಲಿ ಉಳಿದೀತು? ಕೈಗೆ ಕೊಟ್ಟ ಉಂಡೆಯನ್ನು ಗೆಳತಿಯರಿಗೆ ಹಂಚಿಬಿಡುತ್ತಿದ್ದೆ. "ಆಕಿಗೆ ಅತ್ತಿ ಮನೀನ ರುಚಿ ಹತ್ತೇತಿ," ಎಂದು ಅವ್ವ ಅಣಕಿಸಿದಳು. ನಾನಿಲ್ಲದೆ ಹರಕೆ ಕೊಡುವ ಹಾಗಿಲ್ಲ ಎಂಬುದೊಂದೇ ಧೈರ್ಯ. ಆದರೆ ಮರಳಿ ಹೋದ ಮರುದಿನವೇ ಕೊಡಬಹುದಲ್ಲ.

ಬಸ್ಸಿಳಿದು ತೋಟದ ದಾರಿಯಲ್ಲಿ ಅರ್ಧ ಓಡುತ್ತಲೇ ನಡೆದೆ. ಅಂಗಳಕ್ಕೆ ಬಂದೆ. ಕೆಂಪು ಹೇಂಟೆ ತಿಪ್ಪೆಯ ಮೇಲೆ ನಿಂತಿತ್ತು. ಅದರ ಬೆನ್ನು ನಾನು ಬಳಿದದ್ದಕ್ಕಿಂತ ಹೆಚ್ಚು ನೀಲಿಯಾಗಿತ್ತು, ಬಾಲಕ್ಕೂ ಹತ್ತಿತ್ತು. ಇದು ಮಾವನದೇ ಕೆಲಸ ಎಂದುಕೊಂಡೆ. ಅಷ್ಟು ಒರಟಾಗಿ ಬಳಿಯುವವರು ಅವರೇ. ಮಾತು ಕಡಿಮೆಯಾದರೂ ಎಂಥ ಮನಸ್ಸು ಎಂದು ಅಂದು ಅವರಿಗೆ ಎರಡು ರೊಟ್ಟಿ ಹೆಚ್ಚು ಬಡಿಸಿದೆ. ಅವರು ಯಾಕೆಂದು ಕೇಳಲಿಲ್ಲ, ತಿಂದರು.

ಒಂದು ವಾರ ಕಳೆದು, ಮಧ್ಯಾಹ್ನ ಒಲೆಗೆ ಕುಳ್ಳು ತರಲು ಖೋಲಿಯ ಹಿಂದೆ ಹೋದೆ. ಅಲ್ಲಿ ಅತ್ತೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಮೊಣಕಾಲ ನಡುವೆ ಕೋಳಿ, ಪಕ್ಕದಲ್ಲಿ ಕಲಸಿದ ಲೇಪದ ಬಟ್ಟಲು, ಮುಂಗೈಯವರೆಗೆ ನೀಲಿ. ಅವರು ತಲೆ ಎತ್ತಿ ನೋಡಿದರು, ಬೆಚ್ಚಿಬೀಳುವ ಜಾತಿಯೇ ಅಲ್ಲ ಅವರು.

"ನಿಂತ ಏನ್ ನೋಡ್ತಿ? ಬಂದ ಹಿಡಿ. ನಿನ್ನ ಕೈಯಾಗ ಸುಮ್ಮ ಇರ್ತೈತಿ, ನನ್ನ ಕೈಯಾಗ ಒದ್ಯಾಡತೈತಿ."

ನಾನು ಹೋಗಿ ಹಿಡಿದೆ. ಅವರು ಬಳಿಯುತ್ತಲೇ ಹೇಳಿದರು: "ನೀ ಮಳಿಗಾಲದ ಮೊದಲಿಂದ ಹಚ್ಚಾಕತ್ತೀದಿ ಅಂತ ನನಗ ಗೊತ್ತೈತಿ. ಚಿಪ್ಪ ತೊಳದ ಇಡಬೇಕು ಅನ್ನೂದು ಸೈತ ತಿಳಿಯೂದಿಲ್ಲ ನಿನಗ."

"ಮತ್ತ ಯಾಕ ಬೈಲಿಲ್ರಿ?"

"ಬೈದು ಏನ್ ಮಾಡ್ಲಿ? ಮಿರಜದಿಂದ ಬಂದಾಗ ನಿನ್ನ ಮಾರಿ ಹೆಂಗಿತ್ತು ಅನ್ನೂದು ನೀ ನೋಡಿಲ್ಲ, ನಾ ನೋಡೀನಿ. ಇದರ ಚಾಕರಿ ಮಾಡಕೊಂತ ಮಾಡಕೊಂತ ನಿನ್ನ ಮಾರಿಗೆ ರಕ್ತಾ ಬಂತು. ಈಗ ಇದನ್ನ ಕೊಯ್ದ್ರ ನೀ ಮತ್ತ ಹಾಸಗಿ ಹಿಡೀತಿ. ಅದಕ್ಕೇನ ನಾ ಹರಕಿ ಹೊತ್ತದ್ದು?"

"ಆದ್ರ ದೇವಿ?"

ಅವರು ಬಟ್ಟಲಿನ ಅಂಚಿಗೆ ಬೆರಳು ಒರೆಸಿದರು. "ನೀ ತವರಿಗೆ ಹೋದಾಗ ಗಿಡಕ್ಕ ಹೋಗಿ ಹೇಳಿ ಬಂದೀನಿ. ಹರಕಿ ಹೊತ್ತಾಕಿ ನಾನು, ಹುಡುಗಿ ಅಲ್ಲ. ಸಿಟ್ಟ ಬಂದ್ರ ನನ್ನ ಮ್ಯಾಲ ಬಾ, ಆಕಿ ತಂಟೆಕ ಹೋಗಬ್ಯಾಡ ಅಂತ ಹೇಳೀನಿ."

ಇದನ್ನು ಅವರು ಎಮ್ಮೆಗೆ ಹಿಂಡಿ ಹಾಕಿ ಬಂದೆ ಎನ್ನುವ ದನಿಯಲ್ಲಿ ಹೇಳಿದರು. ದೇವಿ ತಿರುಗಿ ಬೀಳುತ್ತಾಳೆಂದು ಮನಃಪೂರ್ವಕ ನಂಬಿದ ಹೆಂಗಸು ಹೇಳಿದ ಮಾತದು. ನಾನು ಕೋಳಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ, ಅದು ಕೊಸರಿತು. ಇಷ್ಟು ದಿನ ಅವರಿಗೆ ಮೋಸ ಮಾಡುತ್ತಿದ್ದೇನೆಂದು ಬೀಗಿದ್ದಕ್ಕೆ ಆಗ ನಾಚಿಕೆಯಾಯಿತು.

ಅಕ್ಟೋಬರ್ ಛಾಟಣಿಯ ಮುಂಚೆ ಮನೆಯವರೆಲ್ಲ ಗಿಡಕ್ಕೆ ಹೋದೆವು. ಅತ್ತೆ ಹೋಳಿಗೆಯ ಎಡೆ ಮಾಡಿದ್ದರು, ತೆಂಗಿನಕಾಯಿ ಒಡೆದರು, ಅದೇ ಕೋಳಿಯ ಐದು ತತ್ತಿಗಳನ್ನು ಕಲ್ಲಿನ ಮುಂದೆ ಇಟ್ಟರು. ಮಾವ, "ಕೋಳಿ?" ಎಂದರು. "ನೀಲಿ ಹೋಗಿಲ್ರಿ. ನೀವ ಹಚ್ಚಿದ್ದು," ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು. ನನ್ನ ಗಂಡ ನಗು ತಡೆಯಲಾರದೆ ದೂರ ಹೋಗಿ ನಿಂತರು. ಮರುದಿನ ಬಳ್ಳಿಗೆ ಕತ್ತರಿ ಬಿತ್ತು, ಆ ವರ್ಷ ದ್ರಾಕ್ಷಿಯೂ ಚೆನ್ನಾಗಿಯೇ ಬಂತು.

ದೀಪಾವಳಿ ದಾಟಿ ಚಳಿ ಬಿದ್ದಾಗ ಅತ್ತೆಗೆ ಜ್ವರ ಬಂತು. ಮೊದಲ ದಿನ ನೆಗಡಿ ಎಂದರು. ಎರಡನೆಯ ದಿನ ಏಳಲಿಲ್ಲ. ನನಗೆ ನೆನಪಿದ್ದಂತೆ ಅವರು ಹಗಲು ಹೊತ್ತಿನಲ್ಲಿ ಮಲಗಿದ್ದು ಅದೇ ಮೊದಲು. ಡಾಕ್ಟರು ಬಂದು ಸೂಜಿ ಹಾಕಿ, ಹೆದರುವಂಥದ್ದೇನೂ ಇಲ್ಲ ಎಂದು ಹೇಳಿ ಹೋದರು. ಎಲ್ಲರೂ ನಂಬಿದರು. ನನಗೆ ಮಾತ್ರ ಅವರು ಖೋಲಿಯ ಹಿಂದೆ ಹೇಳಿದ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ನಾನು ಓದಿದವಳು, ಎಸ್ಸೆಸ್ಸೆಲ್ಸಿ ಪಾಸಾದವಳು. ಕಲ್ಲು ಬಂದು ಜ್ವರ ಕೊಡುತ್ತದೆಂದು ನಂಬಿದವಳಲ್ಲ. ಆದರೂ ಕೈಯಲ್ಲಿದ್ದ ಮೊರ ಕೆಳಗಿಟ್ಟು, ಚಪ್ಪಲಿಯನ್ನೂ ಮೆಟ್ಟದೆ, ಎರಡು ಹೊಲ ದಾಟಿ ಬೇವಿನ ಗಿಡಕ್ಕೆ ಓಡಿದೆ. ಏಳೆಂಟು ತಿಂಗಳ ಹಿಂದೆ ಬಾವಿಕಟ್ಟೆಗೆ ನಡೆಯಲಾರದವಳು ನಾನು. ಕಲ್ಲಿನ ಮುಂದೆ ನಿಂತು ಏದುಸಿರು ಬಿಡುತ್ತ ಹೇಳಬೇಕಾದ್ದನ್ನು ಹೇಳಿದೆ.

ಮರಳಿ ಬಂದಾಗ ಅತ್ತೆ ಎದ್ದು ಗೋಡೆಗೆ ಒರಗಿ ಕುಳಿತಿದ್ದರು. ಹಣೆಯಲ್ಲಿ ಬೆವರಿತ್ತು, ಜ್ವರ ಇಳಿದಿತ್ತು. ನನ್ನ ಕೆಸರುಗಾಲು ನೋಡಿ, "ಎಲ್ಲಿ ಹೋಗಿದ್ದಿ?" ಎಂದರು.

"ಗಿಡಕ್ಕ ಹೋಗಿದ್ದೆ."

"ಏನ್ ಬೇಡಕೊಂಡಿ?"

ಸುಳ್ಳು ಹೇಳಲು ಆಗಲಿಲ್ಲ. "ಸಿಟ್ಟ ನನ್ನ ಮ್ಯಾಲ ತೀರಿಸಿಕೊ, ಅತ್ತಿ ತಂಟೆಕ ಹೋಗಬ್ಯಾಡ ಅಂತ ಹೇಳಿದೆ."

ಅವರು ಅಥಣಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಮೊದಲೇ ಜಾಗ ಹಿಡಿದು ಕುಳಿತವರ ಹಾಗೆ, ತೃಪ್ತಿಯಿಂದ, ಕಾಲು ಚಾಚಿಕೊಂಡರು.

"ಹುಚ್ಚಿ. ಈಗ ಹೋಗಿ ಹೇಳಿದ್ರ ಏನ್ ಬಂತು? ನಾ ಮೊದಲ ಹೇಳೀನಿ."